ಶಿಸ್ತಿನ ಶಾಲೆ, ಮೌನದ ಬೀದಿ: ಗಡಿನಾಡಿನಿಂದ ‘ಪ್ರಹಾರ್’

ನಾನಾ ಪಾಟೇಕರ್ ನಿರ್ದೇಶಿಸಿ, ಮೇಜರ್ ಚವ್ಹಾಣನ ಪಾತ್ರವನ್ನೂ ತಾವೇ ವಹಿಸಿದ ಹಿಂದಿ ಚಿತ್ರ ‘ಪ್ರಹಾರ್’ (1991) ಬೆಳಗಾವಿಯ ಕಮಾಂಡೊ ತರಬೇತಿ ಶಾಲೆಯನ್ನು ತೆರೆಗೆ ತಂದ ಅಪರೂಪದ ಕೃತಿ. ಜತ್ತ ತಾಲೂಕಿನ ಬೆಳುಂಕಿಯಂಥ ಊರಿನಲ್ಲಿ, ಮನೆಯೊಳಗೆ ಕನ್ನಡವನ್ನೂ ಕಚೇರಿಯಲ್ಲಿ ಮರಾಠಿಯನ್ನೂ ಬಳಸುವ ಪ್ರೇಕ್ಷಕನಿಗೆ ಈ ಚಿತ್ರ ಎರಡು ತುಂಡಾಗಿ ಕಾಣುತ್ತದೆ.

ಮೊದಲ ತುಂಡು ನಿಸ್ಸಂದೇಹವಾಗಿ ಶ್ರೇಷ್ಠ. ಇಲ್ಲಿ ಪ್ರೇಮಗೀತೆಯ ಬಿಡುವಿಲ್ಲ, ಹಿನ್ನೆಲೆ ಸಂಗೀತದ ಒತ್ತಾಸೆಯೂ ಹೆಚ್ಚಿಲ್ಲ. ಕೆಸರು, ಹಗ್ಗ, ಏದುಸಿರುಗಳೇ ಕಥೆಯನ್ನು ನಡೆಸುತ್ತವೆ. ಮರಾಠಾ ಲೈಟ್ ಇನ್‌ಫೆಂಟ್ರಿಯೊಂದಿಗೆ ಪಾಟೇಕರ್ ಪಡೆದ ತರಬೇತಿ ಅವರ ನಡಿಗೆಯಲ್ಲೇ ಗೋಚರಿಸುತ್ತದೆ. ಚವ್ಹಾಣನ ಕ್ರೌರ್ಯಕ್ಕೆ ಆ ಆವರಣದೊಳಗೆ ಒಂದು ನ್ಯಾಯವಿದೆ: ಅಲ್ಲಿಗೆ ಬಂದವರು ಬೇಕೆಂದೇ ಬಂದವರು, ಆಜ್ಞೆಯ ಅರ್ಥ ಎಲ್ಲರಿಗೂ ಒಂದೇ. ಬೇಕರಿಯವನ ಮಗ ಪೀಟರ್ ಡಿಸೋಜಾನನ್ನು (ಗೌತಮ್ ಜೋಗಳೇಕರ್) ಅದು ಯೋಧನನ್ನಾಗಿ ರೂಪಿಸುತ್ತದೆ. ಆದರೆ ಈ ಶಾಲೆಯ ಸುತ್ತ ಬೆಳಗಾವಿಯೆಂಬ ಊರೇ ಇಲ್ಲ. ಸಂತೆಯಲ್ಲಿ ಒಂದೇ ವಾಕ್ಯದೊಳಗೆ ಕನ್ನಡ, ಮರಾಠಿ, ಉರ್ದು ಕಲೆಯುವ ನಗರ ಇಲ್ಲಿ ಬರಿಯ ಗುಡ್ಡ-ಮೈದಾನವಾಗಿ ಉಳಿದಿದೆ. ಸೇನೆಯ ಚಿತ್ರಕ್ಕೆ ಅದು ಬೇಕಿತ್ತೇ ಎಂದು ಕೇಳಬಹುದು. ಉತ್ತರಾರ್ಧವನ್ನು ಕಂಡ ಮೇಲೆ ಬೇಕಿತ್ತೆಂದೇ ಹೇಳಬೇಕಾಗುತ್ತದೆ.

ಒತ್ತೆಯಾಳುಗಳನ್ನು ಬಿಡಿಸುವ ಕಾರ್ಯಾಚರಣೆಯಲ್ಲಿ ಕಾಲು ಕಳೆದುಕೊಂಡ ಪೀಟರ್ ಮುಂಬಯಿಗೆ ಮರಳುತ್ತಾನೆ. ಹಫ್ತಾ ಕೊಡಲೊಪ್ಪದೆ ಗೂಂಡಾಗಳ ಕೈಯಲ್ಲಿ ಹತನಾಗುತ್ತಾನೆ. ಮದುವೆಗೆಂದು ಬಂದ ಮೇಜರ್‌ಗೆ ಎದುರಾಗುವುದು ಬಾಯಿ ಬಿಡದ ಬೀದಿ. ಪ್ರಸಾಧನವಿಲ್ಲದ ಮುಖಗಳಲ್ಲಿ ನಟಿಸಿದ ಮಾಧುರಿ ದೀಕ್ಷಿತ್, ಡಿಂಪಲ್ ಕಪಾಡಿಯಾ ಆ ಭೀತಿಗೆ ಮನುಷ್ಯರೂಪ ಕೊಟ್ಟಿದ್ದಾರೆ. ಚಿತ್ರ ಮಾತ್ರ ಮೇಜರ್‌ನ ಕಣ್ಣಿನಿಂದಲೇ ನೋಡುತ್ತದೆ. ಬೀದಿಯ ಮೌನ ಅವನಿಗೆ ಹೇಡಿತನ.

ಬೆಳುಂಕಿಯ ಪ್ರೇಕ್ಷಕ ಒಪ್ಪದಿರುವುದು ಇಲ್ಲಿಯೇ. ಗಡಿಯ ಜನರ ಮೌನ ಬಹುಪಾಲು ಅಂಜಿಕೆಯಿಂದ ಬಂದದ್ದಲ್ಲ. ಅರ್ಜಿ ಬರೆಯಬೇಕಾದ ಭಾಷೆ ಮನೆಯದಲ್ಲ. ಹೇಳಿದ್ದು ಕೇಳಿಸುವ ಭರವಸೆಯೂ ಇಲ್ಲ. ನೀರಿಗಾಗಿ ಜತ್ತ ತಾಲೂಕಿನ ಹಳ್ಳಿಗಳು ಹಿಂದೆಂದೋ ಮಾಡಿದ ಠರಾವು ದೊಡ್ಡ ಸುದ್ದಿಯಾದದ್ದು 2022ರ ಕೊನೆಯಲ್ಲಿ, ಅದೂ ಎರಡು ರಾಜ್ಯಗಳ ನಾಯಕರು ಪರಸ್ಪರ ಮಾತಿಗಿಳಿದಾಗ. ಮಾತನಾಡಿಯೂ ಮೂಕರೆನಿಸಿಕೊಂಡವರಿಗೆ ‘ಏಕೆ ಸುಮ್ಮನಿದ್ದೀರಿ’ ಎಂಬ ಚವ್ಹಾಣನ ಗದರಿಕೆ ಅನ್ಯಾಯವೆನಿಸುತ್ತದೆ. ಒಂದೇ ಆಜ್ಞಾಭಾಷೆಯ ಶಾಲೆಯಿಂದ ಹೊರಬಂದವನಿಗೆ ಬೇರೆ ಬಗೆಯ ಮೌನದ ಕಲ್ಪನೆಯೇ ಇರಲಾರದು, ನಿರ್ದೇಶಕನಿಗಾದರೂ ಇರಬೇಕಿತ್ತು.

ಗೂಂಡಾಗಳನ್ನು ಕೊಂದ ಮೇಜರ್‌ನನ್ನು ನ್ಯಾಯಾಲಯ ಮನೋರೋಗಿಗಳ ಆಸ್ಪತ್ರೆಗೆ ಕಳುಹಿಸುತ್ತದೆ. ಕೊನೆಯಲ್ಲಿ ಅವನ ಕನಸು: ಅಸಂಖ್ಯ ಬೆತ್ತಲೆ ಮಕ್ಕಳು ಅವನೊಡನೆ ಓಡುತ್ತಾರೆ. ಬಟ್ಟೆಯೊಂದಿಗೆ ಜಾತಿ-ಮತಗಳ ಗುರುತನ್ನೂ ಕಳಚುವ ಈ ದೃಶ್ಯದ ಧೈರ್ಯ ಮೆಚ್ಚಬೇಕಾದದ್ದೇ. ಆದರೆ ಹೆಜ್ಜೆಗೆ ಹೆಜ್ಜೆ ಕೂಡಿಸುವ ಆ ಮಕ್ಕಳಲ್ಲಿ ಒಂದು ಮಗುವೂ ತನ್ನ ತಾಯಿಯ ಮಾತಿನಲ್ಲಿ ಏನನ್ನೂ ಕೂಗುವುದಿಲ್ಲ.