9,000 ವಾನಿನ ಊಟಕ್ಕೆ ಎಷ್ಟು ಮಾರ್ಕ್ಸ್?

ಕೊರಿಯನ್ ಊಟ ಅಂದ ತಕ್ಷಣ ನಮ್ಮಲ್ಲಿ ಅನೇಕರ ಕಣ್ಮುಂದೆ ಬರೋದು ಟೇಬಲ್ ಮಧ್ಯೆ ಚುರ್ ಅಂತ ಬೇಯುವ ಹಂದಿಮಾಂಸ. ಇಲ್ಲಾಂದ್ರೆ ಡ್ರಾಮಾ ನಾಯಕಿ ಪಾತ್ರೆಯ ಮುಚ್ಚಳಕ್ಕೆ ಹಾಕ್ಕೊಂಡು ಊದಿ ಊದಿ ತಿನ್ನೋ ರಾಮ್ಯನ್. ಆದರೆ ಸಿಯೋಲ್‌ನಲ್ಲಿ ಆಫೀಸಿಗೆ ಹೋಗೋರ ದಿನನಿತ್ಯದ ಮಧ್ಯಾಹ್ನದೂಟ ಬೇರೆಯೇ ಇದೆ. ಅದರ ಹೆಸರು ಬೆಕ್ಬಾನ್. ಪದದ ಅರ್ಥ 'ಬಿಳಿ ಅನ್ನ', ಅಷ್ಟೇ. ಒಂದು ಬಟ್ಟಲು ಅನ್ನ, ಒಂದು ಸಾರು, ಸುತ್ತ ನಾಲ್ಕೈದು ಬಾಂಚಾನ್, ಅಂದರೆ ನಮ್ಮ ಪಲ್ಯ, ಕೋಸಂಬರಿ, ಉಪ್ಪಿನಕಾಯಿಯ ಜಾಗದಲ್ಲಿ ಬರುವ ಪುಟ್ಟ ಪುಟ್ಟ ತಟ್ಟೆಗಳು. ಇಂಥ ಊಟ ಹಾಕುವ ಜಾಗವನ್ನು 'ರೆಸ್ಟೋರೆಂಟ್' ಅನ್ನೋದಕ್ಕಿಂತ ಉತ್ತರ ಕರ್ನಾಟಕದವರ ಹಾಗೆ 'ಖಾನಾವಳಿ' ಅನ್ನೋದೇ ಸರಿ.

ಕೆಲಸದ ಮೇಲೆ ಸಿಯೋಲ್‌ನಲ್ಲಿದ್ದ ಎರಡು ವಾರದಲ್ಲಿ ಉಲ್ಜಿರೊದ ಒಂದು ಖಾನಾವಳಿಯಲ್ಲಿ ಆರು ಸಲ ಉಂಡೆ. ಪ್ರಿಂಟಿಂಗ್ ಪ್ರೆಸ್, ಲೈಟಿನ ಅಂಗಡಿ, ಹಾರ್ಡ್‌ವೇರ್ ಅಂಗಡಿಗಳ ಗಲ್ಲಿಗಳಿರುವ ಹಳೇ ಏರಿಯಾ ಅದು. ಎಂಟು ಟೇಬಲ್, ಅರವತ್ತು ದಾಟಿದ ಓನರಮ್ಮ, ಅವರ ಜೊತೆ ಇನ್ನೊಬ್ಬ ಹೆಂಗಸು. ಊಟಕ್ಕೆ 9,000 ವಾನ್, ನಮ್ಮ ಲೆಕ್ಕದಲ್ಲಿ ಸುಮಾರು 550 ರೂಪಾಯಿ. ಇಂಥ ಕಡೆ ಉಂಡು ಬಂದವರು ಬರೆಯೋ ರಿವ್ಯೂಗಳಲ್ಲಿ ಎರಡು ಮಾತು ಖಾಯಂ: 'ಅಥೆಂಟಿಕ್', 'ಥೇಟ್ ಮನೆ ಊಟ'. ನನ್ನ ತಕರಾರು ಈ ಎರಡು ಮಾತಿನ ಮೇಲೆ.

ಮೊದಲು 'ಅಥೆಂಟಿಕ್' ತಗೊಳ್ಳಿ. ಇಲ್ಲಿ ಅನ್ನ ಬರೋದು ಮುಚ್ಚಳ ಇರುವ ಸ್ಟೀಲ್ ಬಟ್ಟಲಲ್ಲಿ. ಫೋಟೋದಲ್ಲಿ ನೋಡಿದರೆ ಅಜ್ಜಿಯ ಕಾಲದ್ದು ಅನ್ಸುತ್ತೆ. ನಿಜ ಏನಂದ್ರೆ, ಅಕ್ಕಿಯ ಕೊರತೆ ಇದ್ದ ಕಾಲದಲ್ಲಿ, 1976ರಲ್ಲಿ, ಸಿಯೋಲ್ ನಗರಾಡಳಿತ ಹೋಟೆಲುಗಳ ಅನ್ನದ ಬಟ್ಟಲಿಗೆ ಅಳತೆ ಗೊತ್ತು ಮಾಡಿತು: ಅಗಲ 10.5 ಸೆಂ.ಮೀ., ಎತ್ತರ 6 ಸೆಂ.ಮೀ. ಜನ ಅನ್ನ ಕಮ್ಮಿ ತಿನ್ನಲಿ ಅಂತ ಮಾಡಿದ ಸರ್ಕಾರಿ ರೂಲ್ಸು ಇವತ್ತು ಸಂಪ್ರದಾಯ ಆಗಿ ಕೂತಿದೆ. ಕಿಮ್ಚಿಯ ಕೆಂಪೂ ಅಷ್ಟೇ. ಬ್ಯಾಡಗಿಯ ಹಾಗೆ ಅದರ ಮೆಣಸಿನಕಾಯಿಯ ಮೂಲವೂ ಅಮೆರಿಕ ಖಂಡ.

ಇನ್ನೊಂದು ವಿಷಯ. ಕೊರಿಯಾದ ಹೋಟೆಲುಗಳು ಅಕ್ಕಿ, ಮಾಂಸ, ಕಿಮ್ಚಿಯ ಎಲೆಕೋಸು, ಖಾರದಪುಡಿ ಎಲ್ಲಿಂದ ಬಂದದ್ದು ಅಂತ ಬೋರ್ಡ್ ಹಾಕಲೇಬೇಕು, ಕಾನೂನಿದೆ. ರಿವ್ಯೂ ಬರೆಯೋರು ಮೊದಲು ಓದಬೇಕಾದ್ದು ಆ ಬೋರ್ಡನ್ನ. ಫೋನ್ ಹಿಡಿದು ಅನುವಾದ ಮಾಡಿಕೊಂಡೆ. ಇಲ್ಲಿ ಅಕ್ಕಿ, ಎಲೆಕೋಸು ದೇಶದ್ದು, ಖಾರದಪುಡಿ ಚೀನಾದ್ದು. ಇದು ಮೋಸ ಅಲ್ಲ, ಲೆಕ್ಕಾಚಾರ. ಎಷ್ಟೋ ಸಣ್ಣ ಹೋಟೆಲುಗಳು ಚೀನಾದಿಂದ ರೆಡಿ ಕಿಮ್ಚಿಯನ್ನೇ ತರಿಸುತ್ತವೆ, ಅಗ್ಗ ಅಂತ. ಈಯಮ್ಮ ಖಾರದಪುಡಿಯಲ್ಲಿ ಉಳಿಸಿ, ಕಿಮ್ಚಿಯನ್ನು ತಾನೇ ಹಾಕ್ತಾರೆ. 'ಅಥೆಂಟಿಕ್' ಅಂದುಬಿಟ್ಟರೆ ಈ ಜಾಣತನಕ್ಕೆ ಮಾರ್ಕ್ಸೇ ಸಿಗಲ್ಲ.

ಇನ್ನು ಊಟ ಹೇಗಿದೆ? ಕಪ್ಪು ಮಣ್ಣಿನ ಕುಡಿಕೆಯಲ್ಲಿ ಕೊತಕೊತ ಕುದಿಯುತ್ತಲೇ ಬರುವ ದ್ವೆನ್‌ಜಾಂಗ್ ಜಿಗೆ ಇಲ್ಲಿನ ಬೆಸ್ಟ್. (ಜಿಗೆ ಅಂದ್ರೆ ಗಟ್ಟಿ ಸಾರು, ಮಜ್ಜಿಗೆಗೂ ಅದಕ್ಕೂ ಸಂಬಂಧ ಇಲ್ಲ.) ಸೋಯಾ ಕಾಳು ಬೇಯಿಸಿ, ಕುಟ್ಟಿ, ಇಟ್ಟಿಗೆ ಥರ ಕಟ್ಟಿ, ಒಣಗಿಸಿ, ಹುಳಿ ಬರಿಸಿ, ಆಮೇಲೆ ಉಪ್ಪುನೀರಲ್ಲಿ ತಿಂಗಳುಗಟ್ಟಲೆ ಇಟ್ಟಾಗ ಸಿಗುವ ಹಿಟ್ಟೇ ದ್ವೆನ್‌ಜಾಂಗ್. ಕೊರಿಯಾದ ಈ ಜಾಂಗ್ ಮಾಡುವ ವಿದ್ಯೆ 2024ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ವಾಸನೆ ಮೊದಲ ಸಲ ಮೂಗಿಗೆ ಹೊಡೆಯುತ್ತೆ, ಸುಳ್ಳು ಹೇಳಲ್ಲ. ಎರಡನೇ ಚಮಚಕ್ಕೆ ನಾಲಿಗೆ ಒಪ್ಪುತ್ತೆ, ಮೂರನೆಯದಕ್ಕೆ ಅನ್ನ ಸಾಲಲ್ಲ. ಹುಳಿ ಬಂದ ಹಳೇ ಕಿಮ್ಚಿ ಸೊಗಸಾಗಿದೆ. ಎಳ್ಳೆಣ್ಣೆ ಹಾಕಿದ ಪಾಲಕ್ ಹದವಾಗಿ ಬೆಂದಿತ್ತು, ಆರು ಸಲವೂ. ಮೊಟ್ಟೆ ಸುರುಳಿ ಮಾತ್ರ ಸುಮಾರು, ತಣ್ಣಗಾಗಿ ಬರುತ್ತೆ. ಹುರಿದ ಒಣಮೀನಿಗೆ ಸಕ್ಕರೆ ಜಾಸ್ತಿ. ಬಂಗುಡೆ ಸುಟ್ಟು ಹಾಕಿದ ದಿನ ಮೀನು ಚೆನ್ನಾಗಿತ್ತು, ಜಾಗ ಪೂರ್ತಿ ಹೊಗೆ. ಸಸ್ಯಾಹಾರಿಗಳಿಗೆ ನೇರವಾಗಿ ಹೇಳ್ಬಿಡ್ತೀನಿ: ಸಾರಿನ ನೀರು ಒಣಮೀನಿನದು, ಕಿಮ್ಚಿಯಲ್ಲೂ ಮೀನು ಅಥವಾ ಸೀಗಡಿ ಇರುತ್ತೆ. 'ಮೀಟ್ ಇಲ್ಲ' ಅಂತ ಅವರು ಹೇಳಿದರೆ ಮೀನು ಇಲ್ಲ ಅಂತ ಅರ್ಥ ಅಲ್ಲ.

ಈಗ 'ಮನೆ ಊಟ'. ಇಂಥ ಖಾನಾವಳಿಗಳಲ್ಲಿ ಬಡಿಸುವ ಹೆಂಗಸನ್ನು ಗಿರಾಕಿಗಳು 'ಇಮೊ' ಅಂತ ಕರೀತಾರೆ, ಅಂದರೆ ಅಮ್ಮನ ಅಕ್ಕ ಅಥವಾ ತಂಗಿ. "ಇಮೊ, ಇನ್ನೊಂಚೂರು ಕಿಮ್ಚಿ!" ನಮ್ಮ ಖಾನಾವಳಿಯ "ಅಕ್ಕಾ, ಇನ್ನೊಂದು ರೊಟ್ಟಿ" ಇದ್ದ ಹಾಗೆ. ಬಾಂಚಾನ್ ಎಷ್ಟು ಸಲ ಕೇಳಿದರೂ ಪುಕ್ಕಟೆ. ಆ ಕರೆಯಲ್ಲಿ ಪ್ರೀತಿ ಇದೆ, ಇಲ್ಲ ಅನ್ನಲ್ಲ. ಆದರೆ ಚಿಕ್ಕಮ್ಮ ರೇಟು ಏರಿಸ್ತಾಳೆ ಅಂತ ಯಾರೂ ಅಂದುಕೊಳ್ಳಲ್ಲ ನೋಡಿ, ತೊಂದರೆ ಅಲ್ಲೇ ಇರೋದು. ಊಟ 8,000ದಿಂದ 9,000 ಆಯ್ತು ಅಂತ ಮುನಿಸಿಕೊಂಡು ಈ ಜಾಗಕ್ಕೆ ಸ್ಟಾರ್ ಕಡಿಮೆ ಕೊಟ್ಟವರಿದ್ದಾರೆ. ಅದೇ ರಸ್ತೆಯ ಕೆಫೆಯಲ್ಲಿ ಒಂದು ಕಾಫಿ, ಒಂದು ತುಂಡು ಕೇಕಿಗೆ ಇದಕ್ಕಿಂತ ಜಾಸ್ತಿ ಆಗುತ್ತೆ. ಅಲ್ಲಿ ಯಾರೂ ಗೊಣಗಲ್ಲ, ಯಾಕಂದ್ರೆ ಕೌಂಟರಿನ ಹುಡುಗ ಯಾರ ಚಿಕ್ಕಮ್ಮನೂ ಅಲ್ಲ.

ಒಂದಿನ ಮೀಟಿಂಗ್ ಮುಗಿದು ಮೂರು ಗಂಟೆಗೆ ಹೋದಾಗ ಇಬ್ಬರೂ ಹೆಂಗಸರು ಮೊಳಕೆ ಸೋಯಾ ಕಾಳಿನ ಬಾಲ ಕೀಳುತ್ತಾ ಕೂತಿದ್ದರು. ಒಂದೊಂದಾಗಿ, ಪಾತ್ರೆ ತುಂಬ. ನಾಳೆ ನಾವು ಎರಡು ತುತ್ತಿಗೆ ಮುಗಿಸಿ ಇನ್ನೊಮ್ಮೆ ಕೇಳುವ ಬಾಂಚಾನ್ ಅದು. ತಟ್ಟೆಯಲ್ಲಿ ಬಿಟ್ಟದ್ದನ್ನ ಮತ್ತೊಬ್ಬರಿಗೆ ಬಡಿಸೋದು ಕಾನೂನಿಗೆ ವಿರುದ್ಧ, ಹಾಗಾಗಿ ಬಿಟ್ಟಿದ್ದೆಲ್ಲ ಕಸಕ್ಕೇ. ಅಂದರೆ 'ಪುಕ್ಕಟೆ'ಯ ಬಿಲ್ ಕಟ್ಟುತ್ತಿರುವುದು ಆ ಬೆರಳುಗಳು. ಮನೆಯಲ್ಲಿ ಅಮ್ಮನ ಕೆಲಸಕ್ಕೆ ಹೇಗೆ ಲೆಕ್ಕ ಇಲ್ವೋ, 'ಮನೆ ಊಟ' ಅನ್ನೋ ಹೊಗಳಿಕೆಯಿಂದ ಇಲ್ಲೂ ಹಾಗೇ ಆಗುತ್ತೆ.

ಉಲ್ಜಿರೊದ ಹಳೇ ಗಲ್ಲಿಗಳು ಮರುನಿರ್ಮಾಣದ ಹೆಸರಲ್ಲಿ ಒಂದೊಂದಾಗಿ ನೆಲಸಮ ಆಗ್ತಿವೆ. ಹೆಸರುವಾಸಿ ತಣ್ಣನೆ ನೂಡಲ್ಸ್ ಹೋಟೆಲ್ ಉಲ್ಜಿ ಮ್ಯನೊಕ್ ಕೂಡ 2022ರಲ್ಲಿ ಅಲ್ಲಿನ ಜಾಗ ಬಿಡಬೇಕಾಯ್ತು. ಹೆಸರಿದ್ದವರು ಬೇರೆ ಕಡೆ ಬಾಗಿಲು ತೆಗೀಬಹುದು. 9,000 ವಾನಿಗೆ ಅನ್ನ ಹಾಕಿ ಉಳಿಸಿದ ದುಡ್ಡಲ್ಲಿ ಹೊಸ ಕಟ್ಟಡದ ಅಡ್ವಾನ್ಸ್ ಕೊಡೋಕೆ ಎಂಟು ಟೇಬಲ್ಲಿನ ಓನರಮ್ಮನಿಗೆ ಆಗುತ್ತಾ? ಇಂಥ ಜಾಗಗಳು ಮುಚ್ಚಿದಾಗ 'ಅಯ್ಯೋ' ಅಂತ ಪೋಸ್ಟ್ ಹಾಕೋದಕ್ಕಿಂತ, ರೇಟು ಏರಿದಾಗ ಸುಮ್ಮನಿರೋದು ದೊಡ್ಡ ಉಪಕಾರ.

ಹೋಗೋರಿಗೆ ನಾಲ್ಕು ಮಾತು. ಹನ್ನೆರಡರಿಂದ ಒಂದರವರೆಗೆ ಆಫೀಸಿನ ಜಾತ್ರೆ, ಆಗ ಒಬ್ಬರೇ ಹೋಗಿ ನಾಲ್ಕು ಸೀಟಿನ ಟೇಬಲ್ ಹಿಡೀಬೇಡಿ. ಕೆಲವು ಕಡೆ ಕೆಲವು ಸಾರುಗಳನ್ನ ಇಬ್ಬರಿಗಿಂತ ಕಮ್ಮಿ ಇದ್ರೆ ಕೊಡೋದೇ ಇಲ್ಲ. ಅನ್ನವನ್ನ ಚಮಚದಲ್ಲೇ ತಿನ್ನಿ, ಬಟ್ಟಲು ಕೈಗೆತ್ತಿಕೊಳ್ಳೋ ರೂಢಿ ಅಲ್ಲಿಲ್ಲ. ಖಾಲಿ ಮಾಡೋ ಬಾಂಚಾನ್ ಮಾತ್ರ ಎರಡನೇ ಸಲ ಕೇಳಿ.

ಮಾರ್ಕ್ಸ್: ಸಾರಿಗೆ ಒಂಬತ್ತು, ಕಿಮ್ಚಿಗೆ ಎಂಟು, ಮೊಟ್ಟೆಗೆ ಐದು. ರೇಟು ತೀರಾ ಕಮ್ಮಿ. 12,000 ಮಾಡಿದ್ರೂ ನಾನು ಹೋಗ್ತೀನಿ.