ಫ್ಲೋರಾ ಫೌಂಟನ್, ಹುತಾತ್ಮಾ ಚೌಕ ಮತ್ತು ‘ಹೊರನಾಡು’ ಎಂಬ ಪರಿಕಲ್ಪನೆ

ಮುಂಬಯಿ ಕನ್ನಡ ಸಾಹಿತ್ಯವನ್ನು ಕುರಿತ ನಮ್ಮ ವಿಮರ್ಶೆ ಬಹುಕಾಲದಿಂದ ಎರಡು ಸ್ಥಳಗಳನ್ನು ನೆಚ್ಚಿಕೊಂಡಿದೆ: ಒಂದು ಚಾಳಿನ ಕೋಣೆ, ಇನ್ನೊಂದು ಲೋಕಲ್ ರೈಲು. ಕೋಣೆಯಲ್ಲಿ ಏಕಾಕಿತನವನ್ನೂ ರೈಲಿನಲ್ಲಿ ಅನಾಮಿಕತೆಯನ್ನೂ ಗುರುತಿಸಿ, ಎರಡನ್ನೂ ‘ಮಹಾನಗರ ಸಂವೇದನೆ’ ಎಂಬ ಒಂದೇ ಹೆಸರಿನಡಿ ತರುವುದು ನವ್ಯ ವಿಮರ್ಶೆಯಿಂದ ನಮಗೆ ಬಳುವಳಿಯಾಗಿ ಬಂದ ರೂಢಿ. ಆದರೆ ನಗರವೆಂದರೆ ಕೋಣೆ ಮತ್ತು ದಾರಿ ಮಾತ್ರವಲ್ಲ. ಜನ ಒಂದೆಡೆ ನೆರೆದು ತಮ್ಮನ್ನು ಸಮುದಾಯವೆಂದು ಕಂಡುಕೊಳ್ಳುವ ಬಯಲೂ ಹೌದು. ಆ ಬಯಲಿನೊಡನೆ ಮುಂಬಯಿಯ ಕನ್ನಡಿಗರ ಸಂಬಂಧ ಎಂಥದು ಎಂಬ ಪ್ರಶ್ನೆಯನ್ನು ಕೋಟೆ ಪ್ರದೇಶದ ಫ್ಲೋರಾ ಫೌಂಟನ್ ಅಥವಾ ಹುತಾತ್ಮಾ ಚೌಕವನ್ನು ಮುಂದಿಟ್ಟುಕೊಂಡು ಪರಿಶೀಲಿಸಲು ನಾವಿಲ್ಲಿ ಯತ್ನಿಸಿದ್ದೇವೆ. ಈ ಪ್ರಶ್ನೆ ಕೊನೆಗೆ ಬಂದು ಮುಟ್ಟುವುದು ನಾವೆಲ್ಲ ಸಲೀಸಾಗಿ ಬಳಸುವ ‘ಹೊರನಾಡು’ ಎಂಬ ಪದವನ್ನೇ.

ಕಂಪನಿ ಕಾಲದ ಕೋಟೆಗೆ ಅಪೋಲೋ, ಚರ್ಚ್, ಬಜಾರ್ ಎಂಬ ಮೂರು ದ್ವಾರಗಳಿದ್ದವು. 1860ರ ದಶಕದಲ್ಲಿ, ಬಾರ್ಟಲ್ ಫ್ರಿಯರ್ ಗವರ್ನರನಾಗಿದ್ದಾಗ, ಕೋಟೆಯ ಗೋಡೆಗಳನ್ನು ಕೆಡವಲಾಯಿತು. ಚರ್ಚ್‌ಗೇಟ್ ಇದ್ದ ಎಡೆಯಲ್ಲಿ ಅದೇ ದಶಕದಲ್ಲಿ ಕಾರಂಜಿ ಎದ್ದಿತು. ನಾರ್ಮನ್ ಶಾ ವಿನ್ಯಾಸಗೊಳಿಸಿ ಜೇಮ್ಸ್ ಫೋರ್ಸಿತ್ ಪೋರ್ಟ್‌ಲ್ಯಾಂಡ್ ಶಿಲೆಯಲ್ಲಿ ಕೆತ್ತಿದ ಈ ರೋಮನ್ ಪುಷ್ಪದೇವತೆ ಮೊದಲು ಉದ್ದೇಶಿತಳಾಗಿದ್ದುದು ಬೈಕುಲಾದ ವಿಕ್ಟೋರಿಯಾ ಉದ್ಯಾನಕ್ಕೆ; ಬಂದು ನಿಂತದ್ದು ವಾಹನಗಳ ನಡುವೆ. ವೆಚ್ಚದ ಗಣನೀಯ ಭಾಗವನ್ನು ಕೊಟ್ಟವರು ಕರ್ಸೇಟ್‌ಜಿ ಫರ್ದೂನ್‌ಜಿ ಪಾರೇಖ್ ಎಂಬ ಪಾರಸಿ ವರ್ತಕರು. ಗೋಡೆ ಬಿದ್ದುದರಿಂದ ಒಳಗಿನ ಯುರೋಪಿಯನ್ ಪೇಟೆಗೂ ಹೊರಗಿನ ದೇಶೀ ನಗರಕ್ಕೂ ಇದ್ದ ಗೆರೆ ಅಳಿಸಿತೆಂದು ಹೇಳುವುದುಂಟು. ಗೆರೆ ಅಳಿಯಲಿಲ್ಲ, ಬ್ಯಾಂಕು ವಿಮೆ ಕಂಪನಿಗಳ ಕಟ್ಟಡಗಳ ಸಾಲಾಗಿ ಎತ್ತರವಾಯಿತು ಎಂಬುದು ನಮ್ಮ ಅಭಿಪ್ರಾಯ.

ಇದೇ ಹೊತ್ತಿಗೆ ಕನ್ನಡದ ಚರಿತ್ರೆಯಲ್ಲೂ ಒಂದು ಬದಲಾವಣೆ ಸಂಭವಿಸಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ವರ್ಗವಾಯಿತು. ಮುಂಬಯಿ ಹೈಕೋರ್ಟು ಸ್ಥಾಪನೆಯಾದುದೂ ಅದೇ ವರ್ಷ. ಅಲ್ಲಿಂದ 1956ರ ನವೆಂಬರ್ 1ರವರೆಗೆ, ಸುಮಾರು 94 ವರ್ಷ, ಧಾರವಾಡ, ಬೆಳಗಾವಿ, ಬಿಜಾಪುರಗಳಂತೆ ಕಾರವಾರಕ್ಕೂ ರಾಜಧಾನಿ ಮುಂಬಯಿಯೇ. ಧಾರವಾಡದ ದಾವೆ ಮೇಲ್ಮನವಿಗೆ ಬರುತ್ತಿದ್ದುದು ಈ ಚೌಕದ ಸಮೀಪದ ನ್ಯಾಯಾಲಯಕ್ಕೆ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೆ ಕರ್ನಾಟಕ ಕಾಲೇಜಿನ ವಿದ್ಯಾರ್ಥಿಗೆ ಪದವಿ ದೊರೆಯುತ್ತಿದ್ದುದು ಅದರ ಪಕ್ಕದ ವಿಶ್ವವಿದ್ಯಾಲಯದಿಂದ. 1950ರಲ್ಲಿ ಫೌಂಟನ್ ಬಳಿ ಟ್ರಾಮಿಗಾಗಿ ಕಾದು ನಿಂತ ಧಾರವಾಡದ ವಕೀಲನನ್ನು ‘ಹೊರನಾಡ ಕನ್ನಡಿಗ’ ಎನ್ನುವುದು ಹೇಗೆ? ಅವನು ನಿಂತದ್ದು ತನ್ನ ರಾಜಧಾನಿಯ ಚೌಕದಲ್ಲಿ. ಅವನ ಪಕ್ಕದಲ್ಲೇ ನಿಂತ ಉಡುಪಿಯ ಹೋಟೆಲ್ ಹುಡುಗನ ಸ್ಥಿತಿ ಬೇರೆ. ದಕ್ಷಿಣ ಕನ್ನಡ ಮದರಾಸಿಗೆ ಸೇರಿದ್ದುದರಿಂದ ಅವನಿಗೆ ಮುಂಬಯಿ ಆಗಲೂ ಪರಪ್ರಾಂತವೇ. ಈ ಇಬ್ಬರನ್ನೂ ‘ಮುಂಬಯಿ ಕನ್ನಡಿಗ’ ಎಂಬ ಒಂದೇ ಚೌಕಟ್ಟಿನಲ್ಲಿ ಕೂರಿಸಿದ ನಮ್ಮ ಸಂಶೋಧನೆ, ಅವರ ಬರವಣಿಗೆಯನ್ನೂ ಒಂದೇ ಬಗೆಯಾಗಿ ಓದಿತು.

ಚೌಕದ ಅರ್ಥ ಬದಲಾದದ್ದು 1955ರ ನವೆಂಬರ್ 21ರಂದು. ಮುಂಬಯಿ ಸಹಿತ ಸಂಯುಕ್ತ ಮಹಾರಾಷ್ಟ್ರಕ್ಕಾಗಿ ಅಲ್ಲಿ ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆ ದಿನದ ಮತ್ತು ಮುಂದಿನ ತಿಂಗಳುಗಳ ಸಾವುಗಳು ಸೇರಿ ಚಳುವಳಿಯ ಹುತಾತ್ಮರ ಸಂಖ್ಯೆ ನೂರನ್ನು ಮೀರಿತು. 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯ ಉದಯಿಸಿದ ಬಳಿಕ ಕಾರಂಜಿಯ ಪಕ್ಕದಲ್ಲಿ ಸ್ಮಾರಕ ಎದ್ದಿತು. ಅದರಲ್ಲಿ ರೈತ ಮತ್ತು ಕಾರ್ಮಿಕ ಜೊತೆಯಾಗಿ ಪಂಜು ಎತ್ತಿ ನಿಂತಿದ್ದಾರೆ. ಚೌಕಕ್ಕೆ ಹೊಸ ಹೆಸರು ಬಂತು. ಹಳೆಯ ಹೆಸರೂ ಜನರ ಬಾಯಲ್ಲಿ ಉಳಿಯಿತು.

ಇಲ್ಲಿ ಕನ್ನಡ ಓದುಗನಿಗೆ ತೊಡಕು ಎದುರಾಗುತ್ತದೆ. ಭಾಷೆಗೊಂದು ರಾಜ್ಯ ಎಂಬ ತತ್ತ್ವಕ್ಕಾಗಿ ಪ್ರಾಣ ತೆತ್ತವರ ನೆನಪು ಇದು. ಅದೇ ತತ್ತ್ವ ಕರ್ನಾಟಕವನ್ನೂ ಕಟ್ಟಿತು. ಅಷ್ಟೇ ಅಲ್ಲ, 1953ರ ಏಪ್ರಿಲಿನಲ್ಲಿ ಹುಬ್ಬಳ್ಳಿಯಲ್ಲಿ ಏಕೀಕರಣದ ಬೇಡಿಕೆ ಭುಗಿಲೆದ್ದಾಗ ಎದುರಿಗಿದ್ದುದೂ, ಎರಡು ವರ್ಷಗಳ ಅನಂತರ ಫೌಂಟನ್ನಿನಲ್ಲಿ ಎದುರಿಗಿದ್ದುದೂ ಮೊರಾರ್ಜಿ ದೇಸಾಯಿಯವರ ಒಂದೇ ಮುಂಬಯಿ ಸರ್ಕಾರ. ಎರಡು ಚಳುವಳಿಗಳು ದಾಯಾದಿಗಳು. ದಾಯಾದಿಗಳಾದ್ದರಿಂದಲೇ ಆಸ್ತಿಯ ಜಗಳವೂ ಹುಟ್ಟಿತು: ಸಂಯುಕ್ತ ಮಹಾರಾಷ್ಟ್ರದ ಬೇಡಿಕೆಯಲ್ಲಿ ಬೆಳಗಾವಿ, ಕಾರವಾರ, ನಿಪ್ಪಾಣಿಗಳೂ ಸೇರಿದ್ದವು. ಆದಕಾರಣ ಈ ಸ್ಮಾರಕದ ಮುಂದೆ ನಿಂತ ಕನ್ನಡಿಗನಿಗೆ ಪೂರ್ಣ ಗೌರವವೂ ಸಾಧ್ಯವಾಗಲಿಲ್ಲ, ಪೂರ್ಣ ಅನ್ಯತ್ವವೂ ಸಾಧ್ಯವಾಗಲಿಲ್ಲ. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟಿತು. 1969ರ ಫೆಬ್ರವರಿಯಲ್ಲಿ ಗಡಿಯ ಹೆಸರಿನಲ್ಲಿ ಮುಂಬಯಿಯಲ್ಲಿ ನಡೆದ ಗಲಭೆಯಲ್ಲಿ ಕಲ್ಲು ಬಿದ್ದುದು ಉಡುಪಿ ಹೋಟೆಲುಗಳ ಮೇಲೆ. ಮುಂಬಯಿ ರಾಜಧಾನಿಯಾಗಿರದಿದ್ದ, ಬೆಳಗಾವಿಯನ್ನು ಕಂಡೂ ಇರದಿರಬಹುದಾದ ಜನ ಆ ಜಗಳದ ಬೆಲೆ ತೆತ್ತರು.

ಈ ಹಿನ್ನೆಲೆಯಿಂದ ಕೃತಿಗಳ ಕಡೆಗೆ ತಿರುಗೋಣ. ಹನೇಹಳ್ಳಿಯ ಯಶವಂತ ಚಿತ್ತಾಲರ ‘ಶಿಕಾರಿ’ (1979) ಕಾದಂಬರಿಯ ಭಯ ಕಂಪನಿಯ ಒಳಸಂಚಿನಲ್ಲಿ, ಮುಚ್ಚಿದ ಕೋಣೆಗಳಲ್ಲಿ ಹುಟ್ಟಿ ಬೆಳೆಯುತ್ತದೆ. ಇದನ್ನು ಅಸ್ತಿತ್ವವಾದದ ಪರಿಭಾಷೆಯಲ್ಲಿ ವಿವರಿಸಿದವರು ಹಲವರು, ಆ ವಿವರಣೆ ಸುಳ್ಳಲ್ಲ. ಆದರೆ ನಾಗಪ್ಪನ ಅಸಹಾಯಕತೆಗೆ ಒಂದು ನಾಗರಿಕ ಮುಖವೂ ಇದೆ: ತನ್ನ ಮೇಲಿನ ಆರೋಪವನ್ನು ಬಯಲಿಗೆ ತಂದು ವಾದಿಸಬಲ್ಲ ಸಾರ್ವಜನಿಕ ಎಡೆಯೊಂದು ಅವನ ಜಗತ್ತಿನಲ್ಲಿ ಇಲ್ಲ. ಅವನನ್ನು ಸೃಷ್ಟಿಸಿದ ಲೇಖಕರ ಜಿಲ್ಲೆಗೆ ಈ ನಗರ ಒಂದು ಕಾಲದ ರಾಜಧಾನಿಯಾಗಿತ್ತೆಂಬುದನ್ನು ನೆನೆದರೆ, ಕೋಣೆಯ ಉಸಿರುಗಟ್ಟುವಿಕೆ ಕೇವಲ ಆಧುನಿಕನ ಏಕಾಕಿತನವಲ್ಲ, ಕೈತಪ್ಪಿದ ಪೌರತ್ವದ ಚಹರೆಯೂ ಆಗಿರಬಹುದು. ಉಡುಪಿ ಕಡೆಯ ವ್ಯಾಸರಾಯ ಬಲ್ಲಾಳರು ‘ಬಂಡಾಯ’ದಲ್ಲಿ ಕಾರ್ಮಿಕ ಸಂಘಟನೆಯತ್ತ ಹೊರಳಿದ್ದು ಆಕಸ್ಮಿಕವಲ್ಲ. ರಾಜಧಾನಿಯ ನೆನಪಿಲ್ಲದವನಿಗೆ ನಗರ ದಕ್ಕುವುದು ದುಡಿಮೆಯ ಮೂಲಕ. ಗೋಕರ್ಣದ ಜಯಂತ ಕಾಯ್ಕಿಣಿಯವರ ಕಥೆಗಳಲ್ಲಿ ಮೂರನೆಯದೊಂದು ದಾರಿ ಕಾಣುತ್ತದೆ. ‘ಒಪೆರಾ ಹೌಸ್’ ಕಥೆಯಲ್ಲಿ ಸಿನೆಮಾ ಮಂದಿರದ ಕಸ ಗುಡಿಸುವವನ ಕೈಗೆ ಯಾರೋ ಮರೆತುಹೋದ ಫ್ಲಾಸ್ಕ್ ಸಿಗುತ್ತದೆ. ಅಪರಿಚಿತರ ನಡುವಿನ ಹೊಣೆ ಅಲ್ಲಿಂದ ಹುಟ್ಟುತ್ತದೆ. ಸ್ಮಾರಕದ ಚೌಕ ಕೊಡಲಾರದ ಸಾರ್ವಜನಿಕತೆಯನ್ನು ಈ ಕಥೆಗಾರ ಥಿಯೇಟರಿನ ಕುರ್ಚಿಗಳ ಕೆಳಗೆ ಹುಡುಕುತ್ತಾರೆ. ಪ್ರದೇಶವನ್ನು ಕೃತಿಗೆ ನೇರ ಕಾರಣವಾಗಿಸುವ ಅಪಾಯ ಈ ಓದಿನಲ್ಲಿ ಇದೆಯೆಂದು ಆಕ್ಷೇಪಿಸಬಹುದು. ಆಕ್ಷೇಪಕ್ಕೆ ನಮ್ಮ ಮನ್ನಣೆಯಿದೆ. ಆದರೆ ಪ್ರದೇಶವನ್ನು ಪೂರ್ತಿ ಮರೆತ ಓದಿನ ನಷ್ಟ ಅದಕ್ಕಿಂತ ದೊಡ್ಡದು.

ಚೌಕದ ದೈನಂದಿನ ಬದುಕು ಸ್ಮಾರಕಗಳಷ್ಟು ಗಟ್ಟಿಯಾಗಿ ಮಾತನಾಡುವುದಿಲ್ಲ. ಹಗಲು ಕ್ಯಾಂಟೀನುಗಳಲ್ಲಿ ದುಡಿದು ಕೋಟೆಯ ಕನ್ನಡ ರಾತ್ರಿಶಾಲೆಗಳಿಗೆ ನಡೆದ ಹುಡುಗರು ದಾಟಿದ್ದು ಈ ಪರಿಸರವನ್ನೇ. ಸುತ್ತಣ ಕಾಲುದಾರಿಯ ಹಳೆ ಪುಸ್ತಕದ ಅಂಗಡಿಗಳಲ್ಲಿ ಹಲವನ್ನು ಪಾಲಿಕೆ 2005ರಲ್ಲಿ ತೆರವುಗೊಳಿಸಿತು. ಮಂಗಳೂರಿನಿಂದ ಬಂದು ಮುಂಬಯಿಯ ಬೀದಿಯಲ್ಲಿ ಮಲಗಿ, ಟ್ಯಾಕ್ಸಿ ಮತ್ತು ನಗರಪಾಲಿಕೆಯ ನೌಕರರನ್ನು ಸಂಘಟಿಸಿದ ಜಾರ್ಜ್ ಫರ್ನಾಂಡಿಸರು 1967ರಲ್ಲಿ ದಕ್ಷಿಣ ಮುಂಬಯಿ ಕ್ಷೇತ್ರದಲ್ಲಿ ಸೋಲಿಸಿದ್ದು ಎಸ್.ಕೆ. ಪಾಟೀಲರನ್ನು, ಅಂದರೆ ಮುಂಬಯಿ ಮಹಾರಾಷ್ಟ್ರಕ್ಕೆ ಸೇರುವುದನ್ನು ವಿರೋಧಿಸಿದ್ದ ಪ್ರಮುಖ ನಾಯಕರನ್ನು. ಹುತಾತ್ಮಾ ಚೌಕದ ಒಂದು ಹಳೆಯ ಲೆಕ್ಕವನ್ನು ಮತಪೆಟ್ಟಿಗೆಯಲ್ಲಿ ಚುಕ್ತಾ ಮಾಡಿದವರು ಕನ್ನಡ ಕರಾವಳಿಯವರು ಎಂಬುದನ್ನು ಗಡಿವಿವಾದದ ಎರಡೂ ಕಡೆಯ ಬರಹಗಾರರು ನೆನೆಯುವುದು ಕಡಿಮೆ.

ಕಾರಂಜಿಯ ಜೀರ್ಣೋದ್ಧಾರ ನಡೆಯುತ್ತಿದ್ದಾಗ, 2017ರಲ್ಲಿ, ಡಾಂಬರಿನ ಕೆಳಗೆ ಹಳೆಯ ಟ್ರಾಮ್ ಹಳಿಗಳು ಸಿಕ್ಕವು. ನೀರು ಮತ್ತೆ ಚಿಮ್ಮಿದ್ದು 2019ರಲ್ಲಿ. ಪರಂಪರೆಯ ಸಂರಕ್ಷಕರು ಹಳಿಗಳ ವಯಸ್ಸನ್ನು ಲೆಕ್ಕಹಾಕಿದರು. ಅದರ ಮೇಲೆ ಓಡಾಡಿದವರಲ್ಲಿ ಯಾರಿಗೆ ಈ ಊರು ರಾಜಧಾನಿಯಾಗಿತ್ತು, ಯಾರಿಗೆ ಕೂಲಿಯ ಊರಾಗಿತ್ತು ಎಂಬ ಲೆಕ್ಕವನ್ನು ಹೈಕೋರ್ಟಿನ ದಾವೆ ಕಡತಗಳಿಂದ, ರಾತ್ರಿಶಾಲೆಗಳ ದಾಖಲಾತಿ ಪುಸ್ತಕಗಳಿಂದ ತೆಗೆಯುವ ಕೆಲಸ ಮುಂಬಯಿ, ಪುಣೆ, ದೆಹಲಿಗಳ ಕನ್ನಡ ಸಂಶೋಧಕರ ಪಾಲಿಗೆ ಸೇರಿದ್ದು.