ಮಾಸಿದ ಟೇಪಿನ ಮಾಧುರ್ಯ

ಸ್ಕಾಟ್ಲೆಂಡಿನ ಸೋದರರಾದ ಮೈಕೇಲ್ ಸ್ಯಾಂಡಿಸನ್ ಮತ್ತು ಮಾರ್ಕಸ್ ಓಯಿನ್ ಅವರು ‘ಬೋರ್ಡ್ಸ್ ಆಫ್ ಕೆನಡಾ’ ಎಂಬ ಹೆಸರಿನಲ್ಲಿ 1998ರಲ್ಲಿ ಹೊರತಂದ ‘ಮ್ಯೂಸಿಕ್ ಹ್ಯಾಸ್ ದ ರೈಟ್ ಟು ಚಿಲ್ಡ್ರನ್’ ಎಂಬ ಆಲ್ಬಮ್, ಡೌನ್‌ಟೆಂಪೊ ಪ್ರಕಾರದ, ಅಂದರೆ ಕುಣಿತದ ವೇಗವನ್ನು ಬಿಟ್ಟು ವಿಲಂಬ ಗತಿಯಲ್ಲಿ ಸಾಗುವ ಎಲೆಕ್ಟ್ರಾನಿಕ್ ಸಂಗೀತದ ಶ್ರೇಷ್ಠ ಕೃತಿಗಳಲ್ಲೊಂದು.

ಈ ಜೋಡಿಯ ಹೆಸರಿಗೆ ಮೂಲವಾದದ್ದು ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿ. ಆ ಮಂಡಳಿಯ ಸಾಕ್ಷ್ಯಚಿತ್ರಗಳಲ್ಲಿ ಕೇಳಿಬರುತ್ತಿದ್ದ, ಕಾಲಕ್ರಮದಲ್ಲಿ ಸವೆದ ಸಿಂಥಸೈಜರ್ ನಾದವೇ ಇವರ ಸಂಗೀತದ ಜೀವಾಳ. ಸಿಂಥಸೈಜರ್ ಎಂದರೆ ವಿದ್ಯುತ್ ಸಂಕೇತಗಳಿಂದ ಸ್ವರ ಹುಟ್ಟಿಸುವ ವಾದ್ಯ. ಹಳೆಯ ಟೇಪ್ ಒಂದೇ ವೇಗದಲ್ಲಿ ಓಡದಿದ್ದಾಗ ಶ್ರುತಿ ಹೇಗೆ ತುಸು ಏರಿಳಿಯುತ್ತದೆಯೋ ಹಾಗೆ ಇಲ್ಲಿನ ಸ್ವರಗಳು ಸದಾ ಅಲುಗುತ್ತಿರುತ್ತವೆ. ಧ್ವನಿಮುದ್ರಣಕಾರರು ದೋಷವೆಂದು ತಿದ್ದುವ ಈ ಅಲುಗಾಟವನ್ನೇ ಸೋದರರು ಭಾವದ ಸಾಧನವಾಗಿಸಿಕೊಂಡದ್ದು ನಿಜಕ್ಕೂ ದೊಡ್ಡ ಸಾಧನೆ.

ಆಲ್ಬಮಿನಲ್ಲಿ ಎರಡೂವರೆ ನಿಮಿಷದಷ್ಟೇ ಇರುವ ‘ರಾಯ್‌ಜಿಬಿವ್’ ಕೃತಿಯಲ್ಲಿ ದಪ್ಪನೆಯ ಮಂದ್ರ ಸ್ವರಗಳು ಮೊದಲು ನೆಲೆಗೊಂಡು, ಅವುಗಳ ಮೇಲೆ ತಿಳಿಯಾದ ಸ್ವರಮಾಲೆಯೊಂದು ಅರಳಿ, ಇನ್ನಷ್ಟು ಬೇಕೆನ್ನಿಸುವ ಹೊತ್ತಿಗೇ ಕೃತಿ ಮುಗಿದುಹೋಗುತ್ತದೆ. ‘ಅಕ್ವೇರಿಯಸ್’ನಲ್ಲಿ ಮಗುವಿನ ನಗೆಯ ಜೊತೆಗೆ ಅಂಕಿಗಳನ್ನೆಣಿಸುವ ಹೆಣ್ಣುದನಿ, ಸರಿಯಾದ ಕ್ರಮದಲ್ಲಿ ಹೊರಟು, ಬರಬರುತ್ತ ದಾರಿ ತಪ್ಪುತ್ತದೆ; ಹಿತವಾದ ಈ ಸಂಗೀತದೊಳಗೆ ಸಣ್ಣ ಅಳುಕೊಂದು ಅಡಗಿರುವುದು ಅರಿವಾಗುವುದು ಇಂಥಲ್ಲಿ. ಆಲ್ಬಮಿನ ಹೊದಿಕೆಯ ಮೇಲಿನ ಕುಟುಂಬದ ಚಿತ್ರದಲ್ಲಿ ಮುಖಗಳೆಲ್ಲ ಅಳಿಸಿಹೋಗಿರುವುದೂ ಆ ಭಾವಕ್ಕೇ ಒಪ್ಪುತ್ತದೆ.

ನಡುನಡುವೆ ಬರುವ ಪುಟ್ಟ ತುಣುಕುಗಳು ಬಿಡಿಯಾಗಿ ಅಪೂರ್ಣವೆನಿಸಬಹುದಾದ್ದರಿಂದ, ಆಲ್ಬಮನ್ನು ಮೊದಲಿನಿಂದ ಕೊನೆಯವರೆಗೆ, ಕ್ರಮ ಬದಲಿಸದೆ, ಸಾಧ್ಯವಾದರೆ ಹೆಡ್‌ಫೋನಿನಲ್ಲಿ ಕೇಳಬೇಕು.